ಆರರಿಂದ ಎಂಟನೆಯ ತರಗತಿ: ಐಚ್ಛಿಕ ವಿಷಯಗಳು, ಪೂರಕ ಶಿಕ್ಷಣ ಮತ್ತು ಪಾಲಕರ ಹೊಣೆ

(ಮಠದ ಶಾಖೆಯಲ್ಲಿ ಏರ್ಪಟ್ಟ ಪಾಲಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)

 

ಮನುಷ್ಯನ ಆಯುಷ್ಯದಲ್ಲಿ ಹನ್ನೊಂದರಿಂದ ಹದಿನಾಲ್ಕು ವರ್ಷಗಳ ಅವಧಿ ವಿಶಿಷ್ಟವಾದುದು. ಬಾಲ್ಯ ಮುಗಿದಿರುವುದಿಲ್ಲ, ಯೌವನ ಬಂದಿರುವುದಿಲ್ಲ. ಮಗು ತನಗೆ ಏನು ಇಷ್ಟ, ಏನು ಬೇಡ ಎಂಬುದನ್ನು ಮೊದಲ ಬಾರಿಗೆ ತಾನೇ ವಿವೇಚಿಸತೊಡಗುವುದು ಈ ವಯಸ್ಸಿನಲ್ಲಿ. ಶಾಲೆಯಲ್ಲಿ ಇದು ಆರು, ಏಳು ಮತ್ತು ಎಂಟನೆಯ ತರಗತಿಗಳ ಕಾಲ. ಹತ್ತನೆಯ ತರಗತಿಯ ಪರೀಕ್ಷೆಯ ಭಯ ಇನ್ನೂ ದೂರದಲ್ಲಿರುತ್ತದೆ. ಅಕ್ಷರ ಮತ್ತು ಅಂಕೆಗಳ ಅಭ್ಯಾಸ ಮುಗಿದಿರುತ್ತದೆ. ಆದುದರಿಂದಲೇ ಶಿಕ್ಷಣತಜ್ಞರು ಈ ಮೂರು ವರ್ಷಗಳನ್ನು ಹೊಸ ವಿಷಯಗಳ ಪರಿಚಯಕ್ಕೆ ಸೂಕ್ತಕಾಲವೆಂದು ಭಾವಿಸಿದ್ದಾರೆ.

ಐಚ್ಛಿಕ ವಿಷಯ ಮತ್ತು ಪೂರಕ ತರಗತಿ ಎಂಬ ಎರಡು ಮಾತುಗಳ ಭೇದವನ್ನು ಮೊದಲು ತಿಳಿಯುವುದು ಒಳ್ಳೆಯದು. ಶಾಲೆ ಮುಂದಿಟ್ಟ ಕೆಲವು ವಿಷಯಗಳಲ್ಲಿ ವಿದ್ಯಾರ್ಥಿ ತನಗೆ ಬೇಕಾದುದನ್ನು ಆರಿಸಿಕೊಂಡರೆ ಅದು ಐಚ್ಛಿಕ. ಮೂರನೆಯ ಭಾಷೆಯಾಗಿ ಸಂಸ್ಕೃತವೋ ಬೇರೊಂದು ಭಾಷೆಯೋ ಎಂಬ ಪ್ರಶ್ನೆ ಹೆಚ್ಚಿನ ಮನೆಗಳಲ್ಲಿ ಎದುರಾಗುವ ಮೊದಲ ಆಯ್ಕೆ. ಕಲಿಯುತ್ತಿರುವುದನ್ನೇ ಇನ್ನಷ್ಟು ಆಳವಾಗಿ, ಪಠ್ಯದ ಎಲ್ಲೆಯನ್ನು ದಾಟಿ, ಕೈಯಿಂದ ಮಾಡಿ ಕಲಿಯುವುದು ಪೂರಕ ಶಿಕ್ಷಣ. ಇದು ಟ್ಯೂಷನ್ ಅಲ್ಲ. ಟ್ಯೂಷನ್ ಪರೀಕ್ಷೆಯ ಕಡೆಗೆ ನೋಡುತ್ತದೆ, ಪೂರಕ ಶಿಕ್ಷಣ ವಿಷಯದ ಕಡೆಗೆ ನೋಡುತ್ತದೆ.

ಈ ವಿಚಾರ ಭಾರತಕ್ಕೆ ಹೊಸದಲ್ಲ. 1937ರಲ್ಲಿ ವಾರ್ಧಾದಲ್ಲಿ ನಡೆದ ಸಮ್ಮೇಳನದಲ್ಲಿ ಮಹಾತ್ಮಾ ಗಾಂಧಿಯವರು ಕೈಕಸುಬನ್ನು ಶಿಕ್ಷಣದ ಕೇಂದ್ರದಲ್ಲಿರಿಸಿದ ಮೂಲಶಿಕ್ಷಣದ ಯೋಜನೆಯನ್ನು ಮುಂದಿಟ್ಟರು. 1964-66ರ ಕೊಠಾರಿ ಆಯೋಗ ಕಾರ್ಯಾನುಭವಕ್ಕೆ ಮಹತ್ವ ನೀಡಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂಬ ವಿಷಯವನ್ನು ಸೂಚಿಸಿತು. ಅಂದಿನ ಮಕ್ಕಳು ಇದನ್ನು ಎಸ್.ಯು.ಪಿ.ಡಬ್ಲ್ಯು. ಎಂಬ ಹೆಸರಿನಿಂದ ಬಲ್ಲರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಹತ್ತು ದಿನಗಳ 'ಚೀಲವಿಲ್ಲದ' ಅವಧಿಯನ್ನು ವಿಧಿಸಿ, ಬಡಗಿ, ತೋಟಗಾರ, ಕುಂಬಾರ, ಕಲಾವಿದ ಮೊದಲಾದವರ ಬಳಿ ಕೆಲಸ ಕಲಿಯಬೇಕೆಂದು ಹೇಳಿತು. 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ಕೆಲಸಗಳನ್ನು ಮೂರು ವಿಧವಾಗಿ ವಿಂಗಡಿಸಿತು: ಸಸ್ಯ ಮತ್ತು ಪ್ರಾಣಿಗಳೊಡನೆ ಕೆಲಸ, ಯಂತ್ರ ಮತ್ತು ವಸ್ತುಗಳೊಡನೆ ಕೆಲಸ, ಜನಸೇವೆಯ ಕೆಲಸ. 2016ರಿಂದ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ಆರನೆಯ ತರಗತಿಯಿಂದಲೇ ಮಕ್ಕಳಿಗೆ ತೆರೆದಿವೆ. ಮಹಾರಾಷ್ಟ್ರದಲ್ಲಿ ಸರಕಾರವೇ ನಡೆಸುವ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗಳು ಬಹುಕಾಲದಿಂದ ಮನೆಮಾತಾಗಿವೆ.

ವ್ಯವಸ್ಥೆ ಇಷ್ಟಿದ್ದರೂ ಮನೆಗಳಲ್ಲಿ ನಡೆಯುವುದು ಬೇರೆ. ಆರನೆಯ ತರಗತಿಗೆ ಕಾಲಿಟ್ಟೊಡನೆ ಐ.ಐ.ಟಿ. ಪ್ರವೇಶಪರೀಕ್ಷೆಯ 'ಫೌಂಡೇಶನ್' ಕ್ಲಾಸಿಗೆ ಹಣ ಕಟ್ಟಲಾಗುತ್ತದೆ. ಸಂಸ್ಕೃತವನ್ನು ಆರಿಸುವುದು ಸಂಸ್ಕೃತದ ಪ್ರೀತಿಯಿಂದಲ್ಲ, ಅಂಕಗಳು ಚೆನ್ನಾಗಿ ಬರುತ್ತವೆಂಬ ಲೆಕ್ಕದಿಂದ. ಸಂಗೀತ, ಚದುರಂಗ, ಕಂಪ್ಯೂಟರ್ ಕೋಡಿಂಗ್ ಎಲ್ಲವೂ ಪ್ರಮಾಣಪತ್ರಗಳ ಕಡತವನ್ನು ದಪ್ಪಗೊಳಿಸುವ ಸಾಧನಗಳಾಗುತ್ತವೆ. ಹೆಸರಿಗೆ ಐಚ್ಛಿಕ. ಆದರೆ ಇಚ್ಛೆ ಯಾರದು? ಅರ್ಜಿಯ ಮೇಲೆ ಮಗುವಿನ ಹೆಸರು, ಆಯ್ಕೆ ಮಾತ್ರ ತಂದೆಯದು, ಕೆಲವೊಮ್ಮೆ ನೆರೆಮನೆಯವರದು. ಇದೇ ಸಮಯಕ್ಕೆ ಅನೇಕ ಕಡೆ ಮಠದ ಬಾಲಬೋಧ ತರಗತಿಯಲ್ಲಿ ಜಮಖಾನೆ ಖಾಲಿಯಾಗತೊಡಗುವುದು ಆಕಸ್ಮಿಕವಲ್ಲ. ಎಂಟು ಹತ್ತು ವರ್ಷದವರೆಗೆ ಉತ್ಸಾಹದಿಂದ ಬರುತ್ತಿದ್ದ ಮಗು ಹನ್ನೆರಡಕ್ಕೆ ಕಾಣೆಯಾಗುತ್ತದೆ.

ತತ್ತ್ವವಾದದ ಪಂಚಭೇದಗಳಲ್ಲಿ ಜೀವಜೀವಭೇದವೂ ಒಂದು. ಒಂದು ಜೀವ ಇನ್ನೊಂದರಂತಿಲ್ಲ, ಪ್ರತಿಯೊಂದಕ್ಕೂ ಅದರದೇ ಸ್ವರೂಪಯೋಗ್ಯತೆ ಉಂಟು ಎಂಬುದು ಈ ಸಂಪ್ರದಾಯದ ಮನೆಗಳಲ್ಲಿ ನಿತ್ಯ ಕೇಳಿಬರುವ ಮಾತು. ಅದನ್ನು ಉಪನ್ಯಾಸದಲ್ಲಿ ಒಪ್ಪಿ ತಲೆದೂಗುವವರೇ ಮನೆಗೆ ಹೋಗಿ, 'ಪಕ್ಕದ ಮನೆಯ ಹುಡುಗನಂತೆ ನೀನೇಕಿಲ್ಲ?' ಎಂದು ಮಗನನ್ನು ಕೇಳುವುದು ಸಿದ್ಧಾಂತಕ್ಕೇ ವಿರುದ್ಧ.

ಶ್ರೀನಾರಾಯಣಪಂಡಿತಾಚಾರ್ಯರ ಸುಮಧ್ವವಿಜಯದಲ್ಲಿ ಆಚಾರ್ಯರ ಬಾಲ್ಯದ ಪ್ರಸಂಗವೊಂದಿದೆ. ಗುರುಕುಲದಲ್ಲಿ ಬಾಲಕ ವಾಸುದೇವನು ಗೆಳೆಯರೊಡನೆ ಓಟ, ಜಿಗಿತ, ಈಜು, ಮಲ್ಲಯುದ್ಧಗಳಲ್ಲಿ ತೊಡಗಿರುವುದನ್ನು ಕಂಡು ಪಾಠ ಹೇಳುವ ಗುರುಗಳು, ಈತನಿಗೆ ಅಧ್ಯಯನದಲ್ಲಿ ಗಮನವಿಲ್ಲವೆಂದು ಆಕ್ಷೇಪಿಸಿದರು. ಒಪ್ಪಿಸು ಎಂದಾಗ ಬಾಲಕನು ಪಾಠವಾದುದನ್ನಷ್ಟೇ ಅಲ್ಲದೆ ಮುಂದಿನದನ್ನೂ ನಿರ್ದುಷ್ಟವಾಗಿ ಒಪ್ಪಿಸಿದನು. ಅವತಾರಪುರುಷರ ಶಕ್ತಿಯನ್ನು ಸಾಮಾನ್ಯ ಮಕ್ಕಳಿಗೆ ಹೋಲಿಸಲಾಗದು. ಆದರೆ ಹಿರಿಯರಿಗೆ ಇಲ್ಲಿ ಪಾಠವಿದೆ: ಆಟವನ್ನು ಕಂಡಮಾತ್ರಕ್ಕೆ ಅಜ್ಞಾನವನ್ನು ಊಹಿಸಬಾರದು, ಪರೀಕ್ಷಿಸಿ ತಿಳಿಯಬೇಕು.

ಹಾಗಾದರೆ ಮಠದ ಶಾಖೆಯೊಂದು ಈ ವಯಸ್ಸಿನ ಮಕ್ಕಳಿಗೆ ಏನನ್ನು ಕೊಡಬಹುದು? ಶಾಲೆ ಕೊಡುವುದನ್ನೇ ಮತ್ತೆ ಕೊಡಬೇಕಾಗಿಲ್ಲ. ಮನೆಯಲ್ಲಿಯೇ ಇರುವ ಸಾಮಗ್ರಿ ಧಾರಾಳವಾಗಿದೆ.

ಮೊದಲನೆಯದು ಪಂಚಾಂಗ. ಏಕಾದಶಿಯ ಉಪವಾಸ ಮಾಡದ ಮಾಧ್ವರ ಮನೆ ಅಪರೂಪ. ಆದರೆ ತಿಥಿಯೆಂದರೇನು ಎಂದು ಕೇಳಿದರೆ ಪದವೀಧರರೂ ತಡವರಿಸುತ್ತಾರೆ. ಸೂರ್ಯನಿಂದ ಚಂದ್ರನು 12 ಅಂಶ ದೂರ ಸರಿಯುವ ಕಾಲವೇ ಒಂದು ತಿಥಿ. 360 ಅಂಶಗಳಿಗೆ 30 ತಿಥಿಗಳು. ಇಷ್ಟು ಗಣಿತ ಆರನೆಯ ತರಗತಿಯ ಮಗುವಿಗೆ ಸಾಕಷ್ಟು ಬಂದಿರುತ್ತದೆ. ಚಾಂದ್ರಮಾಸ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಹನ್ನೆರಡು ಮಾಸಗಳಿಗೆ 354 ದಿನ. ಸೌರವರ್ಷಕ್ಕಿಂತ ಸುಮಾರು 11 ದಿನ ಕಡಿಮೆ. ಈ ಕೊರತೆ ಕೂಡುತ್ತ ಹೋಗಿ ಸುಮಾರು ಮೂವತ್ತೆರಡೂವರೆ ತಿಂಗಳಿಗೊಮ್ಮೆ ಅಧಿಕಮಾಸ ಬರುತ್ತದೆ. ಶುಕ್ಲ ಏಕಾದಶಿಯ ಸಂಜೆ ಮಕ್ಕಳನ್ನು ಕಟ್ಟಡದ ಮೇಲ್ಛಾವಣಿಗೆ ಕರೆದೊಯ್ದು, ಮುಳುಗುವ ಸೂರ್ಯನಿಗೂ ಪೂರ್ವದ ಕಡೆಯ ಚಂದ್ರನಿಗೂ ನಡುವಿನ ಕೋನವನ್ನು ಕಂಪಾಸು ಪೆಟ್ಟಿಗೆಯ ಕೋನಮಾಪಕದಿಂದ ಅಂದಾಜು ಅಳೆಸಿದರೆ 120ರಿಂದ 132 ಅಂಶದ ಆಸುಪಾಸಿನಲ್ಲಿ ಬರುತ್ತದೆ. ಅಂದು ಕಲಿತದ್ದು ಮರೆಯುವಂಥದಲ್ಲ.

ಇದೇ ವಿಷಯದ ಮುಂದಿನ ಹೆಜ್ಜೆ, ಒಂದೂರಿನಲ್ಲಿ ಇಂದು ಏಕಾದಶಿಯಾದರೆ ಇನ್ನೊಂದೂರಿನಲ್ಲಿ ನಾಳೆ ಏಕೆ ಎಂಬ ಮಕ್ಕಳ ಸಹಜವಾದ ಪ್ರಶ್ನೆ. ಅರುಣೋದಯವೆಂದರೆ ಸೂರ್ಯೋದಯಕ್ಕೆ ಮುಂಚಿನ ನಾಲ್ಕು ಘಳಿಗೆ. ಘಳಿಗೆಗೆ 24 ನಿಮಿಷದಂತೆ 96 ನಿಮಿಷ. ಆ ವೇಳೆಗೆ ದಶಮಿಯ ಸ್ಪರ್ಶವಿದ್ದರೆ ಅಂದು ಉಪವಾಸವಿಲ್ಲ, ಮರುದಿನ. ಸೂರ್ಯೋದಯವು ಊರಿನಿಂದ ಊರಿಗೆ ಬೇರೆ. ಒಂದು ರೇಖಾಂಶಕ್ಕೆ ನಾಲ್ಕು ನಿಮಿಷ. ಭಾರತೀಯ ಕಾಲಮಾನ 82½ ಅಂಶದ ರೇಖಾಂಶದ್ದು. ಅಲ್ಲಿಂದ ಚೆನ್ನೈ ಸುಮಾರು 9 ನಿಮಿಷ ಹಿಂದೆ, ಮುಂಬಯಿ ಸುಮಾರು 39 ನಿಮಿಷ ಹಿಂದೆ. ಈ ಕಾಲಮಾನ 1906ರ ಜನವರಿ 1ರಂದು ಜಾರಿಗೆ ಬಂತು. ಅದಕ್ಕೆ ಮೊದಲು ರೈಲುಗಳು ಮದ್ರಾಸ್ ಕಾಲಮಾನವನ್ನು ಅನುಸರಿಸಿ ಓಡುತ್ತಿದ್ದವು. ಹೀಗೆ ಒಂದು ಉಪವಾಸದ ಪ್ರಶ್ನೆಯಿಂದ ಗಣಿತ, ಭೂಗೋಳ, ಚರಿತ್ರೆ ಮೂರೂ ಹೊರಡುತ್ತವೆ. ಪಂಚಾಂಗಗಳ ಗಣಿತಪದ್ಧತಿಯಲ್ಲಿಯೂ ಭೇದವಿರುವುದರಿಂದ ನಿರ್ಣಯ ಮಾಡುವ ಅಧಿಕಾರ ಪಂಡಿತರದು. ಮಗುವಿಗೆ ಬೇಕಾದುದು ಕಾರಣದ ತಿಳಿವಳಿಕೆ.

ಎರಡನೆಯದು ಭೂಗೋಳ. ಹದಿನಾರನೆಯ ಶತಮಾನದ ಶ್ರೀವಾದಿರಾಜತೀರ್ಥರು ತೀರ್ಥಪ್ರಬಂಧದಲ್ಲಿ ಕ್ಷೇತ್ರಗಳನ್ನು ಪಶ್ಚಿಮ, ಉತ್ತರ, ಪೂರ್ವ, ದಕ್ಷಿಣ ಎಂದು ನಾಲ್ಕು ಭಾಗಗಳಲ್ಲಿ ವರ್ಣಿಸಿದ್ದಾರೆ. ದೊಡ್ಡದೊಂದು ಭೂಪಟವನ್ನು ಗೋಡೆಗೆ ತೂಗುಹಾಕಿ, ಉಡುಪಿಯಿಂದ ಆರಂಭಿಸಿ ಆ ಕ್ಷೇತ್ರಗಳನ್ನೂ ನದಿಗಳನ್ನೂ ಗುರುತಿಸುವ ಕೆಲಸವನ್ನು ಮಕ್ಕಳಿಗೆ ವಹಿಸಬಹುದು. ಇಂದು ಅಲ್ಲಿಗೆ ಯಾವ ರೈಲು, ಎಲ್ಲಿ ಬದಲಿಸಬೇಕು, ಎಷ್ಟು ಕಿಲೋಮೀಟರ್ ಎಂಬುದನ್ನು ವೇಳಾಪಟ್ಟಿ ನೋಡಿ ಅವರೇ ಬರೆಯಲಿ.

ಮೂರನೆಯದು ಸಂಗೀತ. ಸರಳೆ, ಜಂಟಿ, ಅಲಂಕಾರ ಎಂಬ ಕ್ರಮಬದ್ಧ ಅಭ್ಯಾಸವನ್ನು ಮಾಯಾಮಾಳವಗೌಳ ರಾಗದಲ್ಲಿ ಏರ್ಪಡಿಸಿದವರು ಪುರಂದರದಾಸರೆಂದು ಸಂಪ್ರದಾಯ ಹೇಳುತ್ತದೆ. ಪದ ಹಾಡುವವರೆಲ್ಲ ವಿದ್ವಾಂಸರಾಗಬೇಕಿಲ್ಲ, ಶ್ರುತಿ ಬಿಡದೆ ಹಾಡಿದರೆ ಸಾಕು.

ನಾಲ್ಕನೆಯದು ಎಲ್ಲಕ್ಕಿಂತ ತುರ್ತಿನದು, ಅದು ಕನ್ನಡ ಲಿಪಿ. ಹೊರನಾಡಿನಲ್ಲಿ ಬೆಳೆದ ಎಷ್ಟೋ ಮಕ್ಕಳು ಮನೆಯಲ್ಲಿ ಕನ್ನಡ ಮಾತನಾಡುತ್ತಾರೆ, ಆದರೆ ಓದಲಾರರು. ದಾಸರ ಪದಗಳನ್ನೂ ಹರಿಕಥಾಮೃತಸಾರವನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ಹಾಡುತ್ತಾರೆ. ಅಲ್ಪಪ್ರಾಣ, ಮಹಾಪ್ರಾಣ, ಳಕಾರ, ಲಕಾರಗಳ ಭೇದ ಅಲ್ಲಿ ಅಳಿಸಿಹೋಗುತ್ತದೆ. ದೇವನಾಗರಿ ಬಲ್ಲ ಹನ್ನೆರಡರ ಮಗುವಿಗೆ ವರ್ಣಮಾಲೆಯ ಕ್ರಮ ಆಗಲೇ ಗೊತ್ತಿರುವುದರಿಂದ ಆಕೃತಿಯನ್ನಷ್ಟೇ ಕಲಿಯಬೇಕು. ಕೆಲವು ವಾರಗಳ ನಿಯತ ಅಭ್ಯಾಸ ಸಾಕು. ಈ ಮೂರು ವರ್ಷಗಳು ಕಳೆದರೆ ಮುಂದೆ ಅದಕ್ಕೆ ಬಿಡುವು ಸಿಕ್ಕುವುದು ಕಷ್ಟ. ಆಗ ಅಜ್ಜನ ಪುಸ್ತಕದ ಕಪಾಟು ಮೊಮ್ಮಗನಿಗೆ ಬೀಗವಿಲ್ಲದೆಯೂ ಮುಚ್ಚಿದಂತೆಯೇ.

ಐದನೆಯದು ಕೈಕೆಲಸ. 'ಬಡಗಿಯ ಕೆಲಸ ನಮ್ಮ ಮಗನಿಗೇಕೆ?' ಎಂದು ಚೀಲವಿಲ್ಲದ ದಿನಗಳಂದು ಮಗುವನ್ನು ಮನೆಯಲ್ಲಿಯೇ ಉಳಿಸಿಕೊಳ್ಳುವ ಪಾಲಕರಿದ್ದಾರೆ. ಕೈಯಲ್ಲಿ ಅರ ಹಿಡಿದು ಕಬ್ಬಿಣವನ್ನು ಒಂದು ಮಿಲಿಮೀಟರ್ ಸವೆಸಿ ನೋಡದವನಿಗೆ ಒಂದು ಮಿಲಿಮೀಟರ್ ಎಂದರೇನೆಂದು ತಿಳಿಯದು. ಇಂಜಿನಿಯರ್ ಆಗಬೇಕೆಂದು ಮಗನನ್ನು ಕೋಚಿಂಗಿಗೆ ಕಳಿಸುವವರೇ ಆತನ ಕೈಯಿಂದ ಸುತ್ತಿಗೆಯನ್ನು ಕಿತ್ತುಕೊಳ್ಳುವುದು ವಿಚಿತ್ರ. ಮಠದಲ್ಲಿ ಹೂಮಾಲೆ ಕಟ್ಟುವುದು, ನೂರು ಜನರ ಅಡುಗೆಗೆ ಅಕ್ಕಿಬೇಳೆಯ ಅಳತೆ ಹಾಕುವುದು, ಉತ್ಸವದ ದೀಪಗಳ ವಯರಿಂಗನ್ನು ತಿಳಿದವರ ಬಳಿ ನಿಂತು ನೋಡುವುದು, ಎಲ್ಲವೂ ಶಿಕ್ಷಣವೇ.

ಕೊನೆಯದಾಗಿ ಪಾಲಕರು ಪಾಲಿಸಬಹುದಾದ ಕೆಲವು ನಿಯಮಗಳು. ವರ್ಷಕ್ಕೆ ಎರಡಕ್ಕಿಂತ ಹೆಚ್ಚು ಪೂರಕ ತರಗತಿಗಳು ಬೇಡ. ಅವುಗಳಲ್ಲಿ ಒಂದನ್ನಾದರೂ ಮಗುವೇ ಆರಿಸಲಿ. ಆರಿಸಿದ್ದನ್ನು ನಡುವೆ ಬಿಡಲು ಅವಕಾಶ ಬೇಡ. ಆದರೆ ಅವಧಿ ಮುಗಿದ ಮೇಲೆ 'ಇದು ನನಗಲ್ಲ' ಎಂದು ಮಗು ಹೇಳಿದರೆ ಅದನ್ನು ಸೋಲೆಂದು ಎಣಿಸಬಾರದು, ತನ್ನ ಸ್ವಭಾವವನ್ನು ಅರಿತದ್ದೂ ಒಂದು ಫಲವೇ. ಹೆಣ್ಣುಮಕ್ಕಳಿಗೆ ರಂಗೋಲಿ, ಗಂಡುಮಕ್ಕಳಿಗೆ ಯಂತ್ರ ಎಂಬ ವಿಭಾಗ ಬೇಡ. ಶಾಲೆಯಲ್ಲಿ ಪ್ರಯೋಗಾಲಯವಿದ್ದರೆ ಅದರ ಬೀಗ ವಾರಕ್ಕೆ ಎಷ್ಟು ಬಾರಿ ತೆರೆಯುತ್ತದೆಂದು ಪಾಲಕರ ಸಭೆಯಲ್ಲಿ ಕೇಳಬೇಕು. ವಾರದಲ್ಲಿ ಒಂದು ಹೊತ್ತಾದರೂ ಏನೂ ಇಲ್ಲದ ಹೊತ್ತಾಗಿರಲಿ.

ಸಭೆಯ ಮುಂದಿರುವ ಸೂಚನೆ ಸರಳವಾದುದು. ಶನಿವಾರದ ಸಂಜೆ ಎರಡು ಗಂಟೆ, ಎಂಟು ವಾರಗಳಿಗೊಂದು ವಿಷಯ, ಪರೀಕ್ಷೆಯಿಲ್ಲ, ಪ್ರಮಾಣಪತ್ರವಿಲ್ಲ. ಶಾಖೆಯ ಭಕ್ತರಲ್ಲಿಯೇ ನಿವೃತ್ತ ಶಿಕ್ಷಕರು, ಬ್ಯಾಂಕ್ ಅಧಿಕಾರಿಗಳು, ತಂತ್ರಜ್ಞರು, ಸಂಗೀತ ಬಲ್ಲ ಗೃಹಿಣಿಯರು ಇದ್ದಾರೆ. ಅವರ ವಿದ್ಯೆ ಮನೆಯಲ್ಲಿ ಸುಮ್ಮನೆ ಕುಳಿತಿದೆ, ಅದಕ್ಕೊಂದು ಜಮಖಾನೆ ಮತ್ತು ಹತ್ತು ಮಕ್ಕಳು ಸಾಕು.

ಮಕ್ಕಳಿಗೆ ಸದ್ಬುದ್ಧಿಯನ್ನೂ, ಹಿರಿಯರಿಗೆ ಅವರನ್ನು ಅರಿಯುವ ತಾಳ್ಮೆಯನ್ನೂ ಶ್ರೀಹರಿಯು ಕರುಣಿಸಲಿ.

ಶ್ರೀಕೃಷ್ಣಾರ್ಪಣಮಸ್ತು.