ಮಾಸು ಬೀಳುವ ಹೊತ್ತಿನ ವಾದ



ಹೆರಿಗೆ ಮಾಡಿಸುವವರ ನಡುವೆ ಭಿನ್ನಾಭಿಪ್ರಾಯ ಹೊಸದೇನಲ್ಲ. ಆದರೆ ‘ಏನು ಕಂಡರೆ ನನ್ನ ಮಾತು ಬಿಟ್ಟುಕೊಡುತ್ತೇನೆ’ ಎಂದು ಮೊದಲೇ ಹೇಳಿ ವಾದಕ್ಕೆ ಕೂರುವವರು ಅಪರೂಪ. ಅಂಥವರು ಕೂತ ಒಂದು ವಾದವನ್ನು ಇವತ್ತು ನಿಮ್ಮ ಮುಂದಿಡುತ್ತೇನೆ. ಅದು ಇಂಗ್ಲೆಂಡಿನದು.

ಮಗು ಹುಟ್ಟಿದೆ, ಮಾಸು ಇನ್ನೂ ಬಿದ್ದಿಲ್ಲ. ಆಗ ಏನು ಮಾಡಬೇಕು? ಒಂದು ಪಕ್ಷ ಹೇಳಿತು: ಗರ್ಭಕೋಶ ಬಿಗಿಯುವ ಚುಚ್ಚುಮದ್ದು ಕೊಡಿ, ಹೊಕ್ಕುಳುಬಳ್ಳಿಗೆ ಕೂಡಲೇ ಕ್ಲಿಪ್ ಹಾಕಿ, ಬಳ್ಳಿ ಹಿಡಿದು ಹದವಾಗಿ ಎಳೆದು ಮಾಸು ತೆಗೆಯಿರಿ. ಇನ್ನೊಂದು ಪಕ್ಷದಲ್ಲಿ ಸೂಲಗಿತ್ತಿಯರೇ ಹೆಚ್ಚು. ಅವರ ಮಾತು: ಕಾಯಿರಿ, ತಾನಾಗಿ ಬೀಳುತ್ತದೆ, ಆರೋಗ್ಯವಂತ ಹೆಂಗಸಿಗೆ ಸೂಜಿ ಯಾಕೆ? 1988ರಲ್ಲಿ ಬ್ರಿಸ್ಟಲ್‌ನಲ್ಲಿ ನಡೆದ ಪ್ರಯೋಗದ ಫಲಿತಾಂಶ ಹೊರಬಂತು. ಅರ್ಧ ಲೀಟರಿಗೆ ಮೀರಿದ ರಕ್ತಸ್ರಾವ ಮೊದಲ ಪದ್ಧತಿಯಲ್ಲಿ ನೂರಕ್ಕೆ 5.9, ಕಾಯುವ ಪದ್ಧತಿಯಲ್ಲಿ 17.9.

ಸೂಲಗಿತ್ತಿಯರು ಒಪ್ಪಲಿಲ್ಲ. ಹಟಕ್ಕಲ್ಲ, ಅವರ ಆಕ್ಷೇಪದಲ್ಲಿ ಹುರುಳಿತ್ತು. ಬ್ರಿಸ್ಟಲ್‌ನವರಿಗೆ ಚುಚ್ಚುಮದ್ದಿನ ಪದ್ಧತಿಯೇ ರೂಢಿ. ಕಾಯುವುದು ಹೇಗೆಂದು ಗೊತ್ತಿಲ್ಲದವರು ಕಾದರೆ ರಕ್ತ ಹೋಗದೆ ಇನ್ನೇನಾಗುತ್ತದೆ? ಹಾಗಾದರೆ ಎರಡೂ ಕೈವಶವಾಗಿರುವ ಕಡೆ ನೋಡೋಣ ಎಂದು ಹಿಂಚಿಂಗ್‌ಬ್ರೂಕ್ ಆಸ್ಪತ್ರೆಯಲ್ಲಿ ಮತ್ತೊಂದು ಪ್ರಯೋಗ ನಡೆಯಿತು. ಅದನ್ನು ಮುನ್ನಡೆಸಿದವರಲ್ಲಿ ಸೂಲಗಿತ್ತಿಯರೇ ಇದ್ದರು. 1512 ಹೆಂಗಸರು ಪಾಲ್ಗೊಂಡರು. 1998ರಲ್ಲಿ ಫಲಿತಾಂಶ ಬಂತು: ಚುಚ್ಚುಮದ್ದಿನ ಪದ್ಧತಿಯಲ್ಲಿ ನೂರಕ್ಕೆ 6.8, ಕಾಯುವ ಪದ್ಧತಿಯಲ್ಲಿ 16.5. ಕಾಯುವವರ ಪಕ್ಷ ತಾನೇ ಬಯಸಿದ ಪರೀಕ್ಷೆಯಲ್ಲಿ ಸೋತಿತ್ತು. ಲೆಕ್ಕವನ್ನು ಮಾತ್ರ ಯಾರೂ ಬಚ್ಚಿಡಲಿಲ್ಲ. ಈ ವೃತ್ತಿಯ ಬಗ್ಗೆ ನನಗಿರುವ ಹೆಮ್ಮೆಯಲ್ಲಿ ದೊಡ್ಡ ಪಾಲು ಇದಕ್ಕೇ ಸಲ್ಲಬೇಕು.

ವಾದ ಅಲ್ಲಿಗೆ ಮುಗಿಯಲಿಲ್ಲ. ಸೋತವರು ಕೇಳುತ್ತಲೇ ಇದ್ದರು: ಮೂರು ಕೆಲಸವನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದೀರಲ್ಲ, ರಕ್ತ ನಿಲ್ಲಿಸುವುದು ಅದರಲ್ಲಿ ಯಾವುದು? ಕೊನೆಗೆ ಗಂಟು ಬಿಚ್ಚಿ ನೋಡಿದರು. ಭಾರತವೂ ಸೇರಿ ಎಂಟು ದೇಶಗಳಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ಬಳ್ಳಿ ಎಳೆಯುವುದರಿಂದ ಸಿಗುವ ಲಾಭ ಅಲ್ಪ ಎಂದು ತಿಳಿಯಿತು. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಚುಚ್ಚುಮದ್ದೇ ಮುಖ್ಯ ಎಂದಿತು. ಬಳ್ಳಿಗೆ ಕ್ಲಿಪ್ ಹಾಕಲು ಒಂದರಿಂದ ಮೂರು ನಿಮಿಷ ಕಾಯಿರಿ ಎಂದೂ ಹೇಳಿತು. ಕಾಯುವವರು ಸೂಜಿಯ ವಿಷಯದಲ್ಲಿ ತಪ್ಪಿದ್ದರು, ಬಳ್ಳಿಯ ವಿಷಯದಲ್ಲಿ ಅವರದೇ ಸರಿಯಾಗಿತ್ತು. 1998ರಲ್ಲೇ ಅವರ ಬಾಯಿ ಮುಚ್ಚಿಸಿದ್ದರೆ ಬಳ್ಳಿಯ ಮೂಲಕ ಮಗುವಿಗೆ ಸೇರಬೇಕಾದ ರಕ್ತದ ಪ್ರಶ್ನೆ ಎಷ್ಟು ವರ್ಷ ಹಿಂದೆ ಬೀಳುತ್ತಿತ್ತೋ!

ಅದೇ ದೇಶದಲ್ಲಿ ವಾದ ಸತ್ತ ಕಡೆಯೂ ಇದೆ. ಬ್ಯಾರೋ ಊರಿನ ಫರ್ನೆಸ್ ಜನರಲ್ ಆಸ್ಪತ್ರೆಯ ಬಗ್ಗೆ ಬಿಲ್ ಕಿರ್ಕಪ್ ಅವರ ತನಿಖಾ ವರದಿ 2015ರಲ್ಲಿ ಬಂತು. ಅಲ್ಲಿ ಸೂಲಗಿತ್ತಿಯರದೊಂದು ಗುಂಪು. ಅವರಿಗೆ ‘ಮಸ್ಕೆಟಿಯರ್‌’ಗಳೆಂಬ ಹೆಸರೇ ಬಿದ್ದಿತ್ತು. ಏನೇ ಆಗಲಿ ಸಹಜ ಹೆರಿಗೆಯೇ ಆಗಬೇಕೆಂಬ ಪಟ್ಟು ಅವರದು. ವೈದ್ಯರಿಗೂ ಅವರಿಗೂ ಮುಖ ಕೊಟ್ಟು ಮಾತಿಲ್ಲ. ಚಿಕಿತ್ಸೆ ಸರಿಯಿದ್ದಿದ್ದರೆ ಹನ್ನೊಂದು ಶಿಶುಗಳೂ ಒಬ್ಬ ತಾಯಿಯೂ ಉಳಿಯಬಹುದಿತ್ತು ಎಂದು ವರದಿ ಕಂಡುಕೊಂಡಿತು. ಹಿಂಚಿಂಗ್‌ಬ್ರೂಕಿನವರಿಗೂ ಸಹಜ ಹೆರಿಗೆ ಪ್ರಿಯವೇ ಇತ್ತು. ಆದರೆ ಅವರು ಅದನ್ನು ಪರೀಕ್ಷೆಗೆ ಒಡ್ಡಿದರು. ಇವರು ಅದನ್ನೇ ಗುಂಪಿನ ಗುರುತು ಮಾಡಿಕೊಂಡರು.

ನಮ್ಮ ಕಡೆ ಗುಂಪುಗಾರಿಕೆಗಿಂತ ನೋಟೀಸಿನ ಭಯ ದೊಡ್ಡದು. ಮಗು ಹುಟ್ಟಿದ ನಿಮಿಷದೊಳಗೆ 10 ಯೂನಿಟ್ ಆಕ್ಸಿಟೋಸಿನ್ ಕೊಡಬೇಕೆಂದು ಸ್ಟಾಫ್ ನರ್ಸುಗಳಿಗೆ, ಎ.ಎನ್.ಎಂ.ಗಳಿಗೆ ಕಲಿಸುತ್ತೇವೆ. ಒಳ್ಳೆಯದೇ. ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 45 ಮಂದಿಗೆ ರಕ್ತಹೀನತೆ. ಗಟ್ಟಿಮುಟ್ಟಾದವಳು ತಡೆದುಕೊಳ್ಳುವ ಅರ್ಧ ಲೀಟರು ಇವರನ್ನು ಮಲಗಿಸಿಬಿಡುತ್ತದೆ. ಆದರೆ ಯಾಕೆ ಎಂದು ಕೇಳುವ ಅಭ್ಯಾಸವನ್ನು ನಾವು ಕಲಿಸಿಲ್ಲ. ಕೇಳಿದರೆ ‘ಸಿಸ್ಟರ್, ಹೇಳಿದಷ್ಟು ಮಾಡಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ತಾಯಿ ಮರಣದ ಪರಿಶೀಲನೆಗೆ 2017ರ ಕೇಂದ್ರ ಮಾರ್ಗಸೂಚಿಯಿದೆ. ಯಾರ ಹೆಸರೂ ಬೇಡ, ಯಾರ ಮೇಲೂ ದೂರು ಬೇಡ ಎಂಬುದು ಅದರ ಆಶಯ. ಹಾಗೆಂದು ಕಾಗದದಲ್ಲಿದ್ದರೆ ಸಾಲದು. ಸಭೆಯಲ್ಲಿ ದೊಡ್ಡ ಹುದ್ದೆಯವರು ಮೊದಲು ಮಾತಾಡಿದರೆ ಉಳಿದವರು ಅದಕ್ಕೆ ತಾಳ ಹಾಕುತ್ತಾರೆ. ಆದ್ದರಿಂದ ರಾತ್ರಿ ಪಾಳಿಯಲ್ಲಿದ್ದ ಕಿರಿಯ ನರ್ಸ್ ಮೊದಲು ಮಾತಾಡಲಿ, ತಜ್ಞ ವೈದ್ಯರು ಕೊನೆಗೆ. ಒಪ್ಪದ ಮಾತೂ ನಡಾವಳಿಯಲ್ಲಿ ದಾಖಲಾಗಲಿ.

ಇಂಥ ವಾದಕ್ಕೆ ಮೊದಲ ವಿಷಯ ನಾನೇ ಸೂಚಿಸುತ್ತೇನೆ. 2018ರ ಕೇಂದ್ರ ಮಾರ್ಗಸೂಚಿಯಂತೆ ಹದಿನೆಂಟು ತಿಂಗಳು ತರಬೇತಿ ಪಡೆದ ಮಿಡ್‌ವೈಫರಿ ನರ್ಸುಗಳು ನಮ್ಮ ಲೇಬರ್ ರೂಮಿಗೆ ಬಂದರೆ, ಹೆರುವವಳನ್ನು ಅಂಗಾತ ಮಲಗಿಸಬೇಡಿ, ಕುಕ್ಕರುಗಾಲಲ್ಲೋ ಮಗ್ಗುಲಾಗಿಯೋ ಇರಲಿ ಎನ್ನುತ್ತಾರೆ. ಇಪ್ಪತ್ತು ವರ್ಷ ಮೇಜಿನ ಮೇಲೆಯೇ ಹೆರಿಗೆ ಮಾಡಿಸಿದ ಸಿಸ್ಟರ್ ಒಪ್ಪುವುದಿಲ್ಲ. ಹೊಲಿಗೆ ಹಾಕಬೇಕಾದ ಡಾಕ್ಟರೂ ಒಪ್ಪಲಿಕ್ಕಿಲ್ಲ. ಮೂವರೂ ಕೂತು, ಯಾವ ಲೆಕ್ಕ ಇಡಬೇಕು — ಹರಿದ ಗಾಯವೋ, ಹೋದ ರಕ್ತವೋ, ತಾಯಿಯ ನೋವೋ — ಎಂದು ಹೆರಿಗೆಗೆ ಮೊದಲೇ ಬರೆದಿಟ್ಟುಕೊಳ್ಳಲಿ. ಆರು ತಿಂಗಳ ನಂತರ ಆ ರಿಜಿಸ್ಟರ್ ತೆರೆದು ನೋಡಲಿ.