ಗುರುಗಳ ಅಪರಾಧವೂ ನಮ್ಮ ವಿಶ್ವಾಸವೂ

(ಶತಮಾನೋತ್ಸವದ ಅಂಗವಾಗಿ ನಡೆದ ವಿಶ್ವಾಸಿಗಳ ಸಭೆಯಲ್ಲಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ದೇವಾಲಯದ ಅಂಗಳದಲ್ಲಿ ಹಿರಿಯರ ತ್ಯಾಗವನ್ನು ಸ್ಮರಿಸುವುದು ಮೊದಲ ಕರ್ತವ್ಯ. ಅದನ್ನು ನಮಗಿಂತ ಮುಂಚೆ ಮಾತನಾಡಿದವರು ಸೊಗಸಾಗಿ ನೆರವೇರಿಸಿದ್ದಾರೆ. ನಮಗೆ ವಹಿಸಲಾಗಿರುವ ವಿಷಯವಾದರೋ ಹಬ್ಬಕ್ಕೆ ಒಪ್ಪುವಂಥದಲ್ಲ. ಮಕ್ಕಳ ಮೇಲೆ ಗುರುಗಳೇ ಎಸಗಿದ ಲೈಂಗಿಕ ದೌರ್ಜನ್ಯದ ಸುದ್ದಿಗಳು ದೇಶದೇಶಗಳಿಂದ ಬರುತ್ತಿರುವಾಗ ನಮ್ಮ ಕಥೋಲಿಕ ವಿಶ್ವಾಸವನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದೇ ಆ ವಿಷಯ. ಮಂಗಳ ಸಮಯದಲ್ಲಿ ಅಮಂಗಳದ ಮಾತೇಕೆಂದು ಕೆಲವರಿಗೆ ಅನಿಸಬಹುದು. ಆದರೆ ಧರ್ಮೋಪದೇಶದ ತರಗತಿಗೆ ಬರುವ ನಮ್ಮ ಮಕ್ಕಳು ಕೈಯಲ್ಲಿರುವ ಫೋನಿನಲ್ಲಿ ಇದನ್ನೆಲ್ಲ ಆಗಲೇ ಓದಿದ್ದಾರೆ. ಹಿರಿಯರು ಬಾಯಿ ಬಿಡದಿದ್ದರೆ ಆ ಮೌನವನ್ನೇ ಅವರು ಧರ್ಮಸಭೆಯ ಉತ್ತರವೆಂದು ಭಾವಿಸುತ್ತಾರೆ.

ಎಲ್ಲ ದೇಶಗಳ ಕಥೆಯನ್ನೂ ಹೇಳಲು ಹೊರಟರೆ ಹೊತ್ತು ಸಾಲದು. ಒಂದು ನಗರದ ಕಥೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ಅಮೆರಿಕದ ಬಾಸ್ಟನ್ ನಗರ ಕಥೋಲಿಕರ ದೊಡ್ಡ ನೆಲೆ. ಐರ್ಲೆಂಡಿನ ಕ್ಷಾಮದಿಂದ ಓಡಿಬಂದವರು, ಇಟಲಿಯಿಂದ ಕೂಲಿಗಾಗಿ ಬಂದವರು ತಮ್ಮ ದುಡಿಮೆಯ ಪುಡಿಗಾಸಿನಿಂದ ಅಲ್ಲಿ ದೇವಾಲಯಗಳನ್ನು ಕಟ್ಟಿಸಿದರು. 2002ರ ಜನವರಿ 6ರಂದು, ಮೂರು ರಾಯರ ಹಬ್ಬದ ಭಾನುವಾರ, 'ಬಾಸ್ಟನ್ ಗ್ಲೋಬ್' ಪತ್ರಿಕೆ ಜಾನ್ ಗೇಗನ್ ಎಂಬ ಗುರುವಿನ ವೃತ್ತಾಂತವನ್ನು ಪ್ರಕಟಿಸಿತು. ಆತ ಸುಮಾರು ಮೂವತ್ತು ವರ್ಷಗಳ ಅವಧಿಯಲ್ಲಿ ಆರು ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸಿದ್ದ. ಬಾಲ್ಯದಲ್ಲಿ ತಮ್ಮ ಮೇಲೆ ಆತ ಕೈಮಾಡಿದನೆಂದು ಹೇಳಲು ಮುಂದೆ ಬಂದವರು 130ಕ್ಕೂ ಹೆಚ್ಚು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅದಕ್ಕಿಂತ ಹೆಚ್ಚಾಗಿ ಜನರ ಎದೆಯೊಡೆದದ್ದು, ಮೇಲಿನವರಿಗೆ ಅದು ತಿಳಿದಿತ್ತೆಂಬ ಸಂಗತಿ.

ಈ ಪ್ರಕರಣದ ಕಾಗದಪತ್ರಗಳಲ್ಲಿ ಒಂದು ಪತ್ರವಿದೆ. ಒಂದೇ ಬಂಧುವರ್ಗದ ಏಳು ಗಂಡುಮಕ್ಕಳು ಗೇಗನ್‌ನಿಂದ ನೊಂದಿದ್ದರು. ಆ ಮನೆತನದ ಒಬ್ಬ ಮಹಿಳೆ 1982ರಲ್ಲಿ ಆಗಿನ ಮಹಾಧರ್ಮಾಧ್ಯಕ್ಷರಾದ ಕಾರ್ಡಿನಲ್ ಮೆಡೇರೋಸ್‌ರವರಿಗೆ ಪತ್ರ ಬರೆದರು. ಧರ್ಮಸಭೆಯನ್ನು ಶಪಿಸುವ ಪತ್ರವಲ್ಲ ಅದು. ತಮ್ಮ ಪೂರ್ವಿಕರು ಧರ್ಮಸಭೆಗಾಗಿ ಕಷ್ಟ ಸಹಿಸಿದವರೆಂದೂ, ಯಾಜಕ ಪದವಿಯ ಘನತೆಗೆ ಕುಂದು ಬರಬಾರದೆಂಬುದೇ ತಮ್ಮ ಆಸೆಯೆಂದೂ ಹೇಳಿಕೊಂಡು, ಈ ಮನುಷ್ಯ ಇನ್ನೂ ಧರ್ಮಕೇಂದ್ರದಲ್ಲಿ ಹೇಗೆ ಇದ್ದಾರೆಂದು ಆಕೆ ಕಣ್ಣೀರಿನಲ್ಲಿ ಕೇಳಿದ್ದರು. ಇಂಥ ಪತ್ರವನ್ನು ನಮ್ಮ ಅಜ್ಜಿಯಂದಿರೂ ಬರೆಯಬಹುದಾಗಿತ್ತು. ಸಿಕ್ಕ ಫಲವೇನು? ಗೇಗನ್ ಕೆಲಕಾಲ ರೋಮ್ ನಗರದಲ್ಲಿ ವಿಶ್ರಾಂತಿ ಪಡೆದು ಹಿಂದಿರುಗಿದ. 1984ರಲ್ಲಿ ಆಕೆ ಹೊಸ ಮಹಾಧರ್ಮಾಧ್ಯಕ್ಷರಾದ ಬರ್ನಾರ್ಡ್ ಲಾ ಅವರಿಗೂ ಬರೆದರು. ಅದೇ ವರ್ಷ ಗೇಗನ್‌ನನ್ನು ವೆಸ್ಟನ್ ಎಂಬಲ್ಲಿಗೆ ವರ್ಗ ಮಾಡಲಾಯಿತು. ಅಲ್ಲಿ ಆತನಿಗೆ ದೊರೆತ ಹೊಣೆಗಳಲ್ಲಿ ಪೀಠಬಾಲಕರ ಉಸ್ತುವಾರಿಯೂ ಒಂದು. ಸಹಾಯಕ ಧರ್ಮಾಧ್ಯಕ್ಷರಾಗಿದ್ದ ಜಾನ್ ಡಾರ್ಸಿಯವರು ಈ ನೇಮಕ ಸರಿಯಲ್ಲವೆಂದು ಆಕ್ಷೇಪಿಸಿ ಬರೆದ ಪತ್ರವೂ ಕಡತದಲ್ಲಿ ಸೇರಿಹೋಯಿತು. 2002ರಲ್ಲಿ ಹತ್ತು ವರ್ಷದ ಬಾಲಕನೊಬ್ಬನ ಪ್ರಕರಣದಲ್ಲಿ ಗೇಗನ್‌ಗೆ ಸೆರೆವಾಸವಾಯಿತು. ಮರುವರ್ಷ ಆತ ಸೆರೆಮನೆಯಲ್ಲೇ ಮತ್ತೊಬ್ಬ ಕೈದಿಯಿಂದ ಹತನಾದ.

ಈಗ ಬಾಸ್ಟನ್ನಿನ ಸಾಮಾನ್ಯ ವಿಶ್ವಾಸಿಯ ಸ್ಥಿತಿಯನ್ನು ಯೋಚಿಸೋಣ. ನನ್ನ ಮಗುವಿಗೆ ಜ್ಞಾನಸ್ನಾನ ಕೊಟ್ಟವನು ಇವನೇ. ನಮ್ಮ ಮದುವೆಯನ್ನು ಆಶೀರ್ವದಿಸಿದವನು ಇವನೇ. ಸಾಯುವ ಮುನ್ನ ತಂದೆಯ ಪಾಪನಿವೇದನೆ ಕೇಳಿದವನೂ ಇವನೇ. ಅವೆಲ್ಲ ಸಿಂಧುವೇ? ಇದು ಹೊಸ ಪ್ರಶ್ನೆಯಲ್ಲ. ಉತ್ತರ ಆಫ್ರಿಕದಲ್ಲಿ ರೋಮನ್ ಚಕ್ರವರ್ತಿಯ ಹಿಂಸೆಗೆ ಅಂಜಿ ಪವಿತ್ರ ಗ್ರಂಥಗಳನ್ನು ಒಪ್ಪಿಸಿಬಿಟ್ಟ ಗುರುಗಳಿದ್ದರು. ಅಂಥವರ ಕೈಯಿಂದ ದೊರೆತ ಸಂಸ್ಕಾರಗಳು ನಿಷ್ಫಲವೆಂದು ದೊನಾತನ ಪಂಥದವರು ವಾದಿಸಿದರು. ಹಿಪ್ಪೋ ನಗರದ ಧರ್ಮಾಧ್ಯಕ್ಷರಾಗಿದ್ದ ಸಂತ ಅಗಸ್ಟೀನರು ಅದನ್ನು ಒಪ್ಪಲಿಲ್ಲ. ಸ್ನಾನ ಕೊಡುವವರು ಕ್ರಿಸ್ತರೇ; ಯೂದಾಸನ ಕೈಯಿಂದ ಪಡೆದರೂ ಅದು ಕ್ರಿಸ್ತರ ಸ್ನಾನವೇ ಎಂಬುದು ಅವರ ಬೋಧನೆಯ ಸಾರ. ಧರ್ಮಸಭೆ ಅದನ್ನೇ ಇಂದಿಗೂ ನಂಬುತ್ತದೆ. ಕೊಳಾಯಿ ತುಕ್ಕು ಹಿಡಿದಿದ್ದರೂ ನೀರು ಬುಗ್ಗೆಯದೇ. ಆದ್ದರಿಂದ ಒಬ್ಬ ಗುರು ಕೆಟ್ಟವನೆಂದು ತಿಳಿದ ಮಾತ್ರಕ್ಕೆ ನಾವು ಪಡೆದ ಪರಮ ಪ್ರಸಾದ ಸುಳ್ಳಾಗುವುದಿಲ್ಲ. ವಿಶ್ವಾಸಿಯ ಕಾಲಕೆಳಗೆ ಇದೊಂದು ಗಟ್ಟಿ ನೆಲ.

ಆದರೆ ಈ ಬೋಧನೆಯನ್ನು ಎಲ್ಲಿ ಬಳಸಬಾರದು ಎಂಬುದನ್ನೂ ಹೇಳಬೇಕಾಗಿದೆ. ಇದು ನಮ್ಮ ಸಮಾಧಾನಕ್ಕೆ ಹೇಳಿದ ಮಾತೇ ಹೊರತು ತಪ್ಪಿತಸ್ಥನ ರಕ್ಷಣೆಗೆ ಹೇಳಿದ್ದಲ್ಲ, ನೊಂದ ಮಗುವಿನ ಮುಂದೆ ಇಡುವುದಕ್ಕಂತೂ ಅಲ್ಲವೇ ಅಲ್ಲ. ಯಾವ ಕೈ ಪ್ರಸಾದ ನೀಡಿತೋ ಅದೇ ಕೈ ತನ್ನನ್ನು ಹಾಳುಮಾಡಿದ್ದರೆ ಆ ಮಗುವಿಗೆ ಬಲಿಪೀಠವೇ ಭಯದ ಸ್ಥಳವಾಗುತ್ತದೆ. ಅಂಥವರು ದೊಡ್ಡವರಾದ ಮೇಲೆ ದೇವಾಲಯದ ಹೊಸ್ತಿಲು ತುಳಿಯದಿದ್ದರೆ ಅವರನ್ನು ವಿಶ್ವಾಸ ತೊರೆದವರೆಂದು ಬೆರಳು ಮಾಡಿ ತೋರಿಸುವ ಅಧಿಕಾರ ನಮಗಾರಿಗೂ ಇಲ್ಲ. 2010ರಲ್ಲಿ ಜಗದ್ಗುರು ಹದಿನಾರನೇ ಬೆನೆಡಿಕ್ಟರು ಐರ್ಲೆಂಡಿನ ಕಥೋಲಿಕರಿಗೆ ಬರೆದ ಪತ್ರದಲ್ಲಿ, ಅಂಥವರಿಗೆ ಧರ್ಮಸಭೆಯನ್ನು ಕ್ಷಮಿಸುವುದು ಕಷ್ಟವೆಂಬುದು ತಮಗೆ ಅರ್ಥವಾಗುತ್ತದೆಂದು ತಾವೇ ತಿಳಿಸಿದ್ದಾರೆ.

ಇದೆಲ್ಲ ಪತ್ರಿಕೆಗಳವರ ಕುತಂತ್ರ, ಧರ್ಮಸಭೆಯ ವೈರಿಗಳ ಕೆಲಸ ಎಂದು ಹೇಳುವವರಿದ್ದಾರೆ. ಇದು ಚರಿತ್ರೆ ತಿಳಿಯದವರ ಮಾತು. ಸುಮಾರು 305ರಲ್ಲಿ ಸ್ಪೇನಿನ ಎಲ್ವಿರಾದಲ್ಲಿ ಸೇರಿದ ಧರ್ಮಾಧ್ಯಕ್ಷರು, ಬಾಲಕರನ್ನು ಕೆಡಿಸುವವರಿಗೆ ಮರಣಶಯ್ಯೆಯಲ್ಲೂ ಪರಮ ಪ್ರಸಾದ ಕೊಡಬಾರದೆಂದು ವಿಧಿಸಿದರು. ಹನ್ನೊಂದನೇ ಶತಮಾನದ ನಡುವಿನಲ್ಲಿ ಸಂತ ಪೀಟರ್ ಡಾಮಿಯನರು ಗುರುವರ್ಗದ ಇಂಥದೇ ಪಾಪಗಳನ್ನು ಖಂಡಿಸಿ ಒಂದು ಇಡೀ ಗ್ರಂಥವನ್ನು ಬರೆದು ಜಗದ್ಗುರು ಒಂಬತ್ತನೇ ಲಿಯೋರವರಿಗೆ ಒಪ್ಪಿಸಿದರು. ಅವರು ಸಂನ್ಯಾಸಿ, ಮುಂದೆ ಕಾರ್ಡಿನಲ್. ಹುಳುಕನ್ನು ಹೊರಗೆಡವಿದ ಅವರನ್ನು ಧರ್ಮಸಭೆ ತನ್ನ ಪಂಡಿತರ ಸಾಲಿನಲ್ಲಿ ಕೂರಿಸಿದೆ.

ಬೇರೆ ಸಂಸ್ಥೆಗಳಲ್ಲೂ ಇಂಥದು ನಡೆಯುವುದಿಲ್ಲವೇ ಎಂಬುದು ಇನ್ನೊಂದು ಸಮಜಾಯಿಷಿ. ನಡೆಯುತ್ತದೆ. 2004ರಲ್ಲಿ ನ್ಯೂಯಾರ್ಕಿನ ಜಾನ್ ಜೇ ಕಾಲೇಜಿನ ವಿದ್ವಾಂಸರು ನೀಡಿದ ವರದಿಯ ಪ್ರಕಾರ 1950ರಿಂದ 2002ರವರೆಗೆ ಅಮೆರಿಕದಲ್ಲಿ ಆರೋಪಕ್ಕೆ ಒಳಗಾದವರು 4,392 ಮಂದಿ, ಅಂದರೆ ಆ ಅವಧಿಯ ಗುರುಗಳಲ್ಲಿ ನೂರಕ್ಕೆ ಸುಮಾರು ನಾಲ್ವರು. ಉಳಿದ ತೊಂಬತ್ತಾರು ಮಂದಿಯ ಮೇಲೆ ಅಂಥ ಆರೋಪವೇ ಇರಲಿಲ್ಲ ಎಂಬುದನ್ನು ಮರೆಯಬಾರದು. ಆದರೂ ನೆರೆಮನೆಗೆ ಬೆಂಕಿ ಬಿದ್ದಿದೆಯೆಂದು ನಮ್ಮ ಸೂರಿನ ಬೆಂಕಿ ಆರುತ್ತದೆಯೇ? ಐರ್ಲೆಂಡಿನಲ್ಲಿ 2009ರ ವರದಿಗಳು, ಪೆನ್ಸಿಲ್ವೇನಿಯದಲ್ಲಿ 2018ರ ವರದಿ, ಫ್ರಾನ್ಸಿನಲ್ಲಿ 2021ರ ವರದಿ ಎಲ್ಲವೂ ಒಂದೇ ಸಂಗತಿಯನ್ನು ತೋರಿಸಿದವು. ಎಷ್ಟೋ ಕಡೆ ಅಪರಾಧವೆಸಗಿದ ಕೈ ಒಂದು, ಅದನ್ನು ಮುಚ್ಚಿಟ್ಟ ಕೈಗಳು ಹತ್ತು. ಮುಚ್ಚಿಟ್ಟವರೆಲ್ಲ ದುಷ್ಟರಲ್ಲ, ಬಹುಮಂದಿ ಧರ್ಮಸಭೆಯ ಮಾನ ಉಳಿಸುತ್ತಿದ್ದೇವೆಂದೇ ನಂಬಿದ್ದರು. ಸೆರಗಿನಲ್ಲಿ ಕೆಂಡ ಕಟ್ಟಿಕೊಂಡರೆ ಸೆರಗು ಉಳಿಯುವುದುಂಟೇ?

ಹಾಗಾದರೆ ಬಾಸ್ಟನ್ನಿನ ವಿಶ್ವಾಸಿಗಳು ಏನು ಮಾಡಿದರು? ಅನೇಕರು ಬಿಟ್ಟುಹೋದರು. ಉಳಿದವರಲ್ಲಿ ಕೆಲವರು 2002ರ ಆ ಚಳಿಗಾಲದಲ್ಲಿ ವೆಲ್ಸ್‌ಲಿ ಎಂಬ ಊರಿನ ಸಂತ ಯೊವಾನ್ನರ ದೇವಾಲಯದ ನೆಲಮಾಳಿಗೆಯಲ್ಲಿ ಸೇರಿ ಮಾತನಾಡತೊಡಗಿದರು. 'ವಾಯ್ಸ್ ಆಫ್ ದಿ ಫೇಯ್ತ್‌ಫುಲ್', ಎಂದರೆ ವಿಶ್ವಾಸಿಗಳ ದನಿ, ಎಂದು ತಮ್ಮ ಸಂಘಕ್ಕೆ ಹೆಸರಿಟ್ಟರು. ವಿಶ್ವಾಸವನ್ನು ಉಳಿಸಿಕೊಳ್ಳುವುದು, ಧರ್ಮಸಭೆಯನ್ನು ಬದಲಿಸುವುದು, ಇವೆರಡೂ ಕೂಡಿಯೇ ನಡೆಯಬೇಕೆಂಬುದು ಅವರ ಧ್ಯೇಯ. ನೊಂದವರಿಗೆ ಆಸರೆಯಾಗುವುದರ ಜೊತೆಗೆ ನಿಷ್ಠಾವಂತ ಗುರುಗಳಿಗೆ ಬೆಂಬಲ ನೀಡುವುದನ್ನೂ ಅವರು ತಮ್ಮ ಗುರಿಯಾಗಿ ಇಟ್ಟುಕೊಂಡರು. ಜುಲೈ ತಿಂಗಳ ಹೊತ್ತಿಗೆ ಅವರ ಸಮಾವೇಶಕ್ಕೆ ನಾಲ್ಕು ಸಾವಿರ ಜನ ಬಂದರು. ಕೆಲವು ಧರ್ಮಾಧ್ಯಕ್ಷರು ತಮ್ಮ ದೇವಾಲಯಗಳಲ್ಲಿ ಅವರು ಸಭೆ ಸೇರುವುದನ್ನು ನಿಷೇಧಿಸಿದ್ದೂ ಉಂಟು. ಆ ವರ್ಷದ ಡಿಸೆಂಬರಿನಲ್ಲಿ ಬಾಸ್ಟನ್ನಿನ 58 ಗುರುಗಳೇ ಸಹಿ ಹಾಕಿ ಕಾರ್ಡಿನಲ್ ಲಾ ರಾಜೀನಾಮೆ ನೀಡಬೇಕೆಂದು ಕೇಳಿದರು. ಕೆಲವೇ ದಿನಗಳಲ್ಲಿ ಅವರು ಪದತ್ಯಾಗ ಮಾಡಿದರು. ಮುಂದೆ ಅವರಿಗೆ ರೋಮ್ ನಗರದ ಸಂತ ಮೇರಿ ಮೇಜರ್ ಮಹಾದೇವಾಲಯದಲ್ಲಿ ಉನ್ನತ ಪದವಿ ದೊರೆತದ್ದು ಅನೇಕರ ಗಾಯಕ್ಕೆ ಉಪ್ಪು ಸವರಿದಂತಾಯಿತು. ಆ ನೋವು ನ್ಯಾಯವಾದದ್ದೆಂದೇ ನಮ್ಮ ಅಭಿಪ್ರಾಯ. ಅವರ ಸ್ಥಾನಕ್ಕೆ ಬಂದ ಶಾನ್ ಓಮ್ಯಾಲಿಯವರು 2003ರಲ್ಲಿ ನೊಂದವರಿಗೆ 8.5 ಕೋಟಿ ಡಾಲರ್ ಪರಿಹಾರ ಒಪ್ಪಿಕೊಂಡರು. ಮಹಾಧರ್ಮಾಧ್ಯಕ್ಷರ ಭವ್ಯ ನಿವಾಸವನ್ನೇ ಮಾರಿಸಿ, ತಾವು ಪ್ರಧಾನಾಲಯದ ಗುರುಮನೆಯಲ್ಲಿ ವಾಸಿಸಿದರು.

ದೇವಾಲಯದ ಹಬ್ಬಕ್ಕೆ ನೆರೆದಿರುವ ನಾವು ಕೇಳಲೇಬೇಕಾದ ಇನ್ನೊಂದು ಸಂಗತಿಯಿದೆ. ಗುರುಗಳ ಕೊರತೆ, ಜನರ ಕೊರತೆ, ಹಣದ ಕೊರತೆಗಳಿಂದ 2004ರಲ್ಲಿ ಬಾಸ್ಟನ್ನಿನ ಹಲವಾರು ಧರ್ಮಕೇಂದ್ರಗಳನ್ನು ಮುಚ್ಚಲಾಯಿತು. ಸಿಚ್ಯುಯೇಟ್ ಎಂಬ ಕಡಲತೀರದ ಊರಿನಲ್ಲಿ ಸಂತ ಫ್ರಾನ್ಸಿಸ್ ಕಬ್ರಿನಿಯವರ ದೇವಾಲಯದ ಭಕ್ತರು ಬೀಗ ಹಾಕಲು ಬಿಡದೆ ಒಳಗೇ ಕುಳಿತರು. ಸರದಿಯ ಮೇಲೆ ಹಗಲೂ ರಾತ್ರಿ ಕುಳಿತರು. ಹೀಗೆ ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲ ಕಳೆಯಿತು. 2016ರ ಮೇ ತಿಂಗಳಲ್ಲಿ ನ್ಯಾಯಾಲಯದ ದಾರಿಗಳೆಲ್ಲ ಮುಗಿದ ಮೇಲೆಯೇ ಅವರು ಹೊರಬಂದದ್ದು. ಅವರು ಮಾಡಿದ್ದು ವಿಧೇಯತೆಯೋ ಅವಿಧೇಯತೆಯೋ ಎಂಬ ಚರ್ಚೆ ನಮ್ಮದಲ್ಲ. ಅಷ್ಟೆಲ್ಲ ಆದ ಮೇಲೂ ಆ ಜನಕ್ಕೆ ದೇವಾಲಯ ತಮ್ಮದೆನಿಸಿತ್ತಲ್ಲ, ಅದು ಗಮನಿಸತಕ್ಕದ್ದು.

ಇನ್ನು ಚಿಲಿ ದೇಶ. ಅಲ್ಲಿನ ಓಸೊರ್ನೊ ಎಂಬ ಧರ್ಮಪ್ರಾಂತ್ಯಕ್ಕೆ 2015ರಲ್ಲಿ ಬಂದ ಧರ್ಮಾಧ್ಯಕ್ಷರು ಒಬ್ಬ ಕುಖ್ಯಾತ ಗುರುವಿನ ಕೃತ್ಯಗಳನ್ನು ಕಂಡೂ ಸುಮ್ಮನಿದ್ದವರೆಂದು ಜನ ಪ್ರತಿಭಟಿಸುತ್ತಲೇ ಬಂದರು. 2018ರ ಜನವರಿಯಲ್ಲಿ ಜಗದ್ಗುರು ಫ್ರಾನ್ಸಿಸರು ಆ ಆರೋಪಗಳನ್ನು ಅಪಪ್ರಚಾರವೆಂದು ತಳ್ಳಿಹಾಕಿದರು. ಆದರೆ ಬಳಿಕ ಮಾಲ್ಟಾದ ಮಹಾಧರ್ಮಾಧ್ಯಕ್ಷ ಚಾರ್ಲ್ಸ್ ಶಿಕ್ಲೂನರನ್ನು ವಿಚಾರಣೆಗೆ ಕಳುಹಿಸಿದರು. 64 ಮಂದಿಯ ಸಾಕ್ಷ್ಯ, 2,300 ಪುಟಗಳ ವರದಿ ಬಂತು. ಅದನ್ನು ಓದಿದ ಜಗದ್ಗುರುಗಳು ತಾವು ಗಂಭೀರ ತಪ್ಪು ಮಾಡಿದೆವೆಂದು ಬರೆದು, ನೊಂದವರಲ್ಲಿ ಮೂವರನ್ನು ರೋಮ್ ನಗರಕ್ಕೆ ಕರೆಸಿಕೊಂಡು ಕ್ಷಮೆ ಕೇಳಿದರು. ಸಂತ ಪೇತ್ರರ ಪೀಠದಲ್ಲಿ ಕುಳಿತವರೊಬ್ಬರು ಮನಸ್ಸು ಬದಲಿಸಿದ್ದು ಒಂದು ಸಣ್ಣ ಧರ್ಮಪ್ರಾಂತ್ಯದ ಸಾಮಾನ್ಯ ಜನ ಸುಮ್ಮನಾಗದೆ ಇದ್ದುದರಿಂದ.

ವಿಚಾರಣೆಯೆಂದರೆ ನಿರಪರಾಧಿ ಗುರುಗಳ ಗತಿಯೇನು ಎಂಬ ಚಿಂತೆ ನ್ಯಾಯವಾದದ್ದೇ. ಷಿಕಾಗೋದ ಕಾರ್ಡಿನಲ್ ಜೋಸೆಫ್ ಬರ್ನಾರ್ಡಿನರ ಮೇಲೆ 1993ರ ನವೆಂಬರಿನಲ್ಲಿ ಇಂಥ ಆರೋಪ ಬಂತು. ಗುರುಗಳ ಮೇಲಿನ ದೂರುಗಳನ್ನು ಪರಿಶೀಲಿಸಲು ಅವರೇ ಹಿಂದಿನ ವರ್ಷ ವ್ಯವಸ್ಥೆಯೊಂದನ್ನು ರೂಪಿಸಿದ್ದರು. ತಮ್ಮ ಪ್ರಕರಣವೂ ಅದೇ ಕ್ರಮದಲ್ಲಿ ನಡೆಯಲೆಂದರು. ಮರುವರ್ಷ, ನಾಲ್ಕು ತಿಂಗಳು ತುಂಬುವ ಮೊದಲೇ, ಆರೋಪ ಮಾಡಿದಾತ ಅದನ್ನು ಹಿಂತೆಗೆದುಕೊಂಡ. ಆ ವರ್ಷದ ಕೊನೆಗೆ ಕಾರ್ಡಿನಲರು ರೋಗಿಯಾಗಿದ್ದ ಆತನನ್ನು ಭೇಟಿಯಾಗಿ ಬಲಿಪೂಜೆ ಅರ್ಪಿಸಿದರು. ಒಳ್ಳೆಯ ಗುರುವಿಗೆ ನಿಷ್ಪಕ್ಷಪಾತವಾದ ವಿಚಾರಣೆಗಿಂತ ಭದ್ರವಾದ ಕೋಟೆ ಬೇರಿಲ್ಲ.

ಇದು ದೂರದೇಶಗಳ ಮಾತೆಂದು ನಾವು ನೆಮ್ಮದಿಯಿಂದಿರುವಂತಿಲ್ಲ. ನೆರೆಯ ಕೇರಳದ ಕೊಟ್ಟಿಯೂರಿನಲ್ಲಿ ಧರ್ಮಕೇಂದ್ರದ ಗುರುವಾಗಿದ್ದವನಿಗೆ ಬಾಲಕಿಯೊಬ್ಬಳ ಪ್ರಕರಣದಲ್ಲಿ ತಲಶ್ಶೇರಿಯ ನ್ಯಾಯಾಲಯ 2019ರಲ್ಲಿ 20 ವರ್ಷಗಳ ಸೆರೆವಾಸ ವಿಧಿಸಿತು. 2021ರಲ್ಲಿ ಉಚ್ಚ ನ್ಯಾಯಾಲಯ ಅದನ್ನು 10 ವರ್ಷಕ್ಕೆ ಇಳಿಸಿತು. ನಮ್ಮ ದೇಶದ 2012ರ ಪೋಕ್ಸೋ ಕಾಯಿದೆಯ 19ನೇ ಕಲಮಿನ ಪ್ರಕಾರ, ಮಗುವಿನ ಮೇಲೆ ಇಂಥ ಅಪರಾಧ ನಡೆದಿದೆಯೆಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ ಸೆರೆವಾಸವುಂಟು. ಗುರುಮನೆಯಲ್ಲಿ ನಾಲ್ವರು ಹಿರಿಯರು ಕುಳಿತು ರಾಜಿ ಮಾಡಿಸುವ ವಿಷಯ ಇದಲ್ಲ. ತಾಯ್ತಂದೆಯರು ಪೊಲೀಸು ಎಂದೊಡನೆ ಅಂಜುತ್ತಾರೆ. ಅವರಿಗೆ ಇಷ್ಟು ತಿಳಿದಿರಲಿ: ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಪಡೆಯುವ ಅಧಿಕಾರಿ ಸಮವಸ್ತ್ರದಲ್ಲಿ ಬರುವಂತಿಲ್ಲ, ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸುವಂತಿಲ್ಲ, ಪತ್ರಿಕೆಗಳು ಹೆಸರು ಪ್ರಕಟಿಸುವಂತಿಲ್ಲ. ಧರ್ಮಸಭೆಯ ಕಡೆಯಿಂದಲೂ 2019ರಲ್ಲಿ ಜಗದ್ಗುರು ಫ್ರಾನ್ಸಿಸರು ಇಂಥ ಪ್ರಕರಣಗಳಿಗಿದ್ದ ಪೀಠದ ಗೋಪ್ಯತೆಯನ್ನು ತೆಗೆದುಹಾಕಿದರು. ದೂರು ಸ್ವೀಕರಿಸುವ ವ್ಯವಸ್ಥೆ ಪ್ರತಿಯೊಂದು ಧರ್ಮಪ್ರಾಂತ್ಯದಲ್ಲೂ ಇರಬೇಕೆಂದು ಅದೇ ವರ್ಷ ವಿಧಿಸಿದರು.

ಬಾಸ್ಟನ್ನಿನ ಆ ಮಹಿಳೆ ಎರಡು ಸಲ ಪತ್ರ ಬರೆದದ್ದು ವಿಶ್ವಾಸವಿಲ್ಲದೆ ಅಲ್ಲ, ವಿಶ್ವಾಸವಿದ್ದುದರಿಂದಲೇ. ಅಂಥ ಪತ್ರ ಬರೆಯಬೇಕಾದವರು ನಮ್ಮ ನಡುವೆ ಇದ್ದರೆ ಅವರಿಗೆ ವಿಳಾಸ ಗೊತ್ತಿರಬೇಕು. ಆದಕಾರಣ ಶತಮಾನೋತ್ಸವ ಸಮಿತಿಯವರಲ್ಲಿ ನಮ್ಮದೊಂದು ಕೋರಿಕೆ. ದೇವಾಲಯದ ಬಾಗಿಲ ಬಳಿ ಹೊಸದಾಗಿ ಹಾಕಿಸಿರುವ ಸೂಚನಾ ಫಲಕದಲ್ಲಿ, ಭಾನುವಾರದ ಬಲಿಪೂಜೆಯ ವೇಳೆಗಳ ಪಕ್ಕದಲ್ಲೇ, ಧರ್ಮಪ್ರಾಂತ್ಯದಲ್ಲಿ ದೂರು ಸ್ವೀಕರಿಸುವವರ ಹೆಸರನ್ನೂ ವಿಳಾಸವನ್ನೂ, ಹತ್ತಿರದ ಠಾಣೆಯ ದೂರವಾಣಿಯನ್ನೂ, ಮಕ್ಕಳ ಸಹಾಯವಾಣಿಯ 1098 ಸಂಖ್ಯೆಯನ್ನೂ ಮಕ್ಕಳಿಗೆ ಎಟಕುವ ಎತ್ತರದಲ್ಲಿ, ದಪ್ಪ ಅಕ್ಷರಗಳಲ್ಲಿ ಬರೆಸಬೇಕು. ಹಬ್ಬದ ಪೆಂಡಾಲು ಬಿಚ್ಚುವ ಮೊದಲೇ ಇದಾಗಲಿ.