ಪ್ಲವಕವೆಂಬ ಶಬ್ದ

ಸಾಗರವೆಂಬ ಊರಿನಲ್ಲಿ ಸಮುದ್ರವಿಲ್ಲ. ಕೆಳದಿಯ ಸದಾಶಿವನಾಯಕನು ಕಟ್ಟಿಸಿದ ಸದಾಶಿವಸಾಗರವೆಂಬ ಕೆರೆಯಿಂದ ಆ ಊರಿಗೆ ಹೆಸರು ಬಂದಿತೆಂದು ಹೇಳುತ್ತಾರೆ. ಆದರೂ ಕಡಲಿನ ಶಾಸ್ತ್ರಕ್ಕೆ ಸೇರಿದ ಒಂದು ಶಬ್ದವನ್ನು ವಿವರಿಸಲು ನಾವು ಈ ದಿನ ಆ ಮಲೆನಾಡಿನ ಕಡೆಗೇ ಹೋಗಬೇಕಾಗಿದೆ. ಆ ಶಬ್ದ ‘ಪ್ಲಾಂಕ್ಟನ್’, ಕನ್ನಡದಲ್ಲಿ ‘ಪ್ಲವಕ’.

1887ರಲ್ಲಿ ಜರ್ಮನಿಯ ಕೀಲ್ ನಗರದ ಪ್ರಾಧ್ಯಾಪಕ ವಿಕ್ಟರ್ ಹೆನ್ಸೆನ್ ಈ ಶಬ್ದವನ್ನು ಬಳಕೆಗೆ ತಂದನು. ‘ಅಲೆಯುವುದು’ ಎಂಬರ್ಥದ ಗ್ರೀಕ್ ಪದವೇ ಇದಕ್ಕೆ ಮೂಲ. ನಮ್ಮ ‘ಪ್ಲವಕ’ವಾದರೋ ತೇಲುವುದೆಂಬರ್ಥದ ‘ಪ್ಲು’ ಧಾತುವಿನಿಂದ ಹುಟ್ಟಿದ್ದು. ಶಾಸ್ತ್ರಾರ್ಥಕ್ಕೆ ಗ್ರೀಕ್ ಪದವೇ ಹೆಚ್ಚು ಸಮೀಪ. ಏಕೆಂದರೆ ಪ್ಲವಕದ ಲಕ್ಷಣವು ಗಾತ್ರವಲ್ಲ, ಬರಿಯ ತೇಲುವಿಕೆಯೂ ಅಲ್ಲ, ಪ್ರವಾಹವನ್ನೆದುರಿಸಿ ಈಜಲಾರದಿರುವುದು. ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ಡಯಾಟಮ್ ಎಂಬ ಪಾಚಿಯೂ ಪ್ಲವಕವೇ, ಮೊರದಗಲದ ಲೋಳೆಮೀನೂ ಪ್ಲವಕವೇ. ಅನೇಕ ಮೀನುಗಳ ಎಳೆಯ ಮರಿಗಳು ಪ್ಲವಕ. ಬಲಿತು ಸ್ವೇಚ್ಛೆಯಿಂದ ಈಜತೊಡಗಿದರೆ ‘ನೆಕ್ಟನ್’. ಈ ಹೆಸರನ್ನೂ, ತಳವಾಸಿಗಳಿಗೆ ‘ಬೆಂಥಾಸ್’ ಎಂಬ ಹೆಸರನ್ನೂ 1890ರ ಸುಮಾರಿನಲ್ಲಿ ಅರ್ನ್ಸ್ಟ್ ಹೆಕೆಲ್ ಕೊಟ್ಟನು.

ಹೆನ್ಸೆನ್ನನಿಗೆ ಬೇಕಾಗಿದ್ದುದು ಶಬ್ದಕ್ಕಿಂತ ಲೆಕ್ಕ. ಕಡಲು ಎಷ್ಟು ಆಹಾರವನ್ನು ಬೆಳೆಯುತ್ತದೆಂದು ತಿಳಿಯಲು ಅವನು ನವುರಾದ ರೇಷ್ಮೆಬಲೆಯಲ್ಲಿ ನೀರನ್ನು ಸೋಸಿ ಜೀವಿಗಳನ್ನೆಣಿಸಿದನು. ಆ ಲೆಕ್ಕಕ್ಕೂ ಮಲೆನಾಡಿಗೂ ಏನು ಸಂಬಂಧವೆಂದು ತಾವು ಕೇಳಬಹುದು.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿಯು ಹೊಸನಗರ, ಸಾಗರಗಳ ಸೀಮೆಯನ್ನು ಹಾದು ಹೊನ್ನಾವರದಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಡಯಾಟಮಿನ ಕವಚ ಸಿಲಿಕದ್ದು. ಕಡಲಿಗೆ ಆ ಸಿಲಿಕವನ್ನು ಬಂಡೆಗಳಿಂದ ಕರಗಿಸಿ ತರುವವು ಮುಖ್ಯವಾಗಿ ನದಿಗಳು. ಅಣೆಕಟ್ಟಿನ ಹಿಂದೆ ನೀರು ನಿಂತಾಗ ಡಯಾಟಮುಗಳು ಅಲ್ಲಿಯೇ ಬೆಳೆದು, ಸತ್ತು ತಳಕ್ಕಿಳಿಯುತ್ತವೆ. ಕಡಲಿಗೆ ಸಲ್ಲಬೇಕಾದ ಸಿಲಿಕದಲ್ಲಿ ಒಂದು ಪಾಲು ಅವುಗಳೊಡನೆ ಹೂತುಹೋಗುತ್ತದೆ. ಕರಾವಳಿಯ ಬೂತಾಯಿ, ಬಂಗಡೆಗಳು ತಿಂದು ಬೆಳೆಯುವುದು ಪ್ಲವಕವನ್ನೇ.

1964ರಲ್ಲಿ ಪೂರ್ಣವಾದ ಲಿಂಗನಮಕ್ಕಿಯ ಅಣೆಕಟ್ಟಿಗಾಗಿ ಸಾಗರ, ಹೊಸನಗರಗಳ ಜನ ಮನೆ ತೋಟಗಳನ್ನು ಬಿಟ್ಟು ಹೋದರು. ಆ ನೀರನ್ನು ಬೆಂಗಳೂರಿಗೆ ಒಯ್ಯುವ ಸಲಹೆ 2019ರಲ್ಲಿ ಬಂದಾಗ ಈ ಸೀಮೆಯವರು ಪ್ರತಿಭಟಿಸಿದರು. ಇಂತಹ ಚರ್ಚೆಗಳಲ್ಲಿ, ಕಡಲು ಸೇರುವ ನೀರು ವ್ಯರ್ಥವೆಂಬ ಮಾತು ಕೇಳಿಬರುವುದುಂಟು. ಪಟ್ಟಣವಾಸಿಗಳಾದ ನಮಗೆ ದೀಪವೂ ಬೇಕು, ಕುಡಿಯುವ ನೀರೂ ಬೇಕು. ಇದನ್ನು ನಾವು ಅಲ್ಲಗಳೆಯಲಾರೆವು. ಆದರೆ ವ್ಯರ್ಥವೆನ್ನುವ ಮುನ್ನ ಹೆನ್ಸೆನ್ನನಂತೆ ಲೆಕ್ಕವನ್ನಾದರೂ ಮಾಡಬೇಡವೆ? ಆ ಲೆಕ್ಕದಲ್ಲಿ ಮುಳುಗಿದ ಊರಿನವರಿಗೂ, ಹೊನ್ನಾವರದ ಬೆಸ್ತರಿಗೂ, ಕಣ್ಣಿಗೆ ಕಾಣದ ಪ್ಲವಕಕ್ಕೂ ಒಂದೊಂದು ಸಾಲು ಇರತಕ್ಕದ್ದು.